ಅಮೆರಿಕದ ಕಂಟ್ರಿ ಸಂಗೀತದ ಹಾಡುಗಾರ ವಿಲ್ಲಿ ನೆಲ್ಸನ್‌ಗೆ 90 ದಾಟಿದೆ, ದನಿ ಮೊದಲಿನಂತಿಲ್ಲ ಅನ್ನುತ್ತಾರೆ. ಊರಿನಿಂದ ಬಂದಿರುವ ಅಪ್ಪನ ಜೊತೆ ಬಯಲು ಕಾರ್ಯಕ್ರಮಕ್ಕೆ ಹೋಗಬಹುದೇ, ಹಳೆಯ ರೆಕಾರ್ಡ್ ಕೇಳಿದರೆ ಸಾಕೇ?

ಊರಿನಿಂದ ಬಂದ ಅಪ್ಪ, ಟೆಕ್ಸಸ್‌ನ ಬೇಸಿಗೆ, ಹುಲ್ಲುಹಾಸಿನ ಅಗ್ಗದ ಟಿಕೆಟ್, ಈ ವಯಸ್ಸಿನಲ್ಲಿ ಅವರು ಹಾಡಿಯಾರೇ ಎಂಬ ಅನುಮಾನ. 2019ರ ಜುಲೈನಲ್ಲಿ ಇವೆಲ್ಲ ನನ್ನವೇ ಆಗಿದ್ದವು. ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಏನೂ ತೋಚದೆ ಕೂತೆ.

ನಾನು ಧಾರವಾಡದವನು, ಆಸ್ಟಿನ್‌ನಲ್ಲಿ ಕೆಲಸ. ವಿಲ್ಲಿ ನೆಲ್ಸನ್ ಹಾಡು ಮೊದಲು ಕೇಳಿದ್ದು ಪಕ್ಕದ ಮನೆಯ ಅಜ್ಜನ ಗ್ಯಾರೇಜಿನಲ್ಲಿ. ಅವರು ಶನಿವಾರ ಏನಾದರೂ ರಿಪೇರಿ ಮಾಡುತ್ತ ವಿಲ್ಲಿಯ 1975ರ ಆಲ್ಬಂ ‘ರೆಡ್ ಹೆಡೆಡ್ ಸ್ಟ್ರೇಂಜರ್’ ಹಾಕಿಕೊಂಡಿರುತ್ತಿದ್ದರು. ಒಂದು ದಿನ ಅದನ್ನು ಫೋನಿನಲ್ಲಿ ಅಪ್ಪನಿಗೆ ಕೇಳಿಸಿದೆ. ಅಪ್ಪ ನಿವೃತ್ತ ಮಾಸ್ತರರು. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ರಾತ್ರಿಯಿಡೀ ಕೂತು ಹಾಡು ಕೇಳುವ ಮನುಷ್ಯ, ಇಂಗ್ಲಿಷ್ ಹಾಡೆಂದರೆ ಎದ್ದು ಹೋಗುವವರು. ಅವತ್ತು ಎರಡು ಹಾಡು ಪೂರ್ತಿ ಕೇಳಿ ಅಂದರು: “ಇವಾ ತಾಳದ ಹಿಂದ ಉಳದು ಹಾಡ್ತಾನಲ್ಲೋ. ಎಲ್ಲೋ ತಪ್ಪಿದಾ ಅನ್ನೂದರಾಗ ಸಮಕ್ಕ ಬಂದು ಕೂಡ್ತಾನ. ಮತ್ತ ಆ ಪಿಯಾನೋ ಯಾರದು?”

ಪಿಯಾನೊ ವಿಲ್ಲಿಯ ಅಕ್ಕ ಬಾಬಿಯದು. ಇಬ್ಬರೂ ಟೆಕ್ಸಸ್‌ನ ಆ್ಯಬಟ್ ಎಂಬ ಸಣ್ಣ ಊರಿನವರು. ಅಜ್ಜ-ಅಜ್ಜಿ ಸಾಕಿದರು, ಅಜ್ಜ-ಅಜ್ಜಿಯೇ ಸಂಗೀತ ಕಲಿಸಿದರು. ತಮ್ಮನಿಗಿಂತ ಎರಡು ವರ್ಷ ದೊಡ್ಡವರಾದ ಬಾಬಿ, 1973ರಿಂದ ತಮ್ಮನ ತಂಡದಲ್ಲೇ ಇದ್ದರು. ಇದನ್ನು ಹೇಳಿದ್ದೇ ತಡ, ಅಪ್ಪನಿಗೆ ಗಂಗೂಬಾಯಿ ಹಾನಗಲ್ಲರ ಹಿಂದೆ ಕೂತು ದನಿಗೂಡಿಸುತ್ತಿದ್ದ ಮಗಳು ಕೃಷ್ಣಾ ನೆನಪಾದರು. “ಅಕ್ಕಾ-ತಮ್ಮ ಈ ವಯಸ್ಸಿನಾಗ ಕೂಡಿ ಬಾರಿಸ್ತಾರಂದ್ರ ಹೋಗಿ ನೋಡೂಣು” ಅಂದರು. 2019ರ ಬೇಸಿಗೆಗೆ ಅಪ್ಪ-ಅಮ್ಮ ಬಂದಾಗ ಜುಲೈ 4ರ ಪಿಕ್ನಿಕ್‌ಗೆ ಮೂರು ಟಿಕೆಟ್ ತೆಗೆದೆ. ಪಿಕ್ನಿಕ್ ಅಂದರೆ ಬುತ್ತಿ ಕಟ್ಟಿಕೊಂಡು ಹೋಗುವುದಲ್ಲ. 1973ರಲ್ಲಿ ಡ್ರಿಪ್ಪಿಂಗ್ ಸ್ಪ್ರಿಂಗ್ಸ್ ಎಂಬಲ್ಲಿ ವಿಲ್ಲಿ ಶುರುಮಾಡಿದ, ಹಗಲಿಡೀ ನಡೆಯುವ ಸಂಗೀತದ ಜಾತ್ರೆ.

ಇನ್ನು ನನ್ನ ತಪ್ಪು. ಇದನ್ನು ಉದ್ದಕ್ಕೆ ಹೇಳುತ್ತೇನೆ, ಬೇಸರಿಸಬೇಡಿ. ನಾನು ಬೆಳಿಗ್ಗೆಯೇ ಹೋದೆ. ಹುಲ್ಲುಹಾಸಿನಲ್ಲಿ ಸೀಟಿನ ನಂಬರ್ ಇರುವುದಿಲ್ಲ, ಮೊದಲು ಬಂದವರಿಗೆ ಮುಂದಿನ ಜಾಗ. ಆದ್ದರಿಂದ ಗೇಟು ತೆರೆಯುವ ಮೊದಲೇ ನಿಂತರೆ ಅಪ್ಪನಿಗೆ ಅವರ ಮುಖ ಕಾಣುತ್ತದೆ ಎಂದು ಲೆಕ್ಕ ಹಾಕಿದ್ದೆ. ಲೆಕ್ಕದಲ್ಲಿ ಏನನ್ನು ಬಿಟ್ಟಿದ್ದೆ ನೋಡಿ. ಜುಲೈ ಮೊದಲ ವಾರ ಆಸ್ಟಿನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ 8.30 ದಾಟಿದ ಮೇಲೆ. ವಿಲ್ಲಿ ಬರುವುದು ಕತ್ತಲಾದ ಮೇಲೆ, ಎಲ್ಲರಿಗಿಂತ ಕೊನೆಗೆ. ನಾವು ಕೂತ ಕಡೆ ಒಂದು ಗೇಣು ನೆರಳಿಲ್ಲ. ಒಮ್ಮೆ ಹೊರಗೆ ಹೋದರೆ ಅದೇ ಟಿಕೆಟ್ಟಿನಲ್ಲಿ ಮತ್ತೆ ಒಳಗೆ ಬಿಡುವುದಿಲ್ಲ. ಈ ನಾಲ್ಕೂ ನನಗೆ ಬಿಡಿಬಿಡಿಯಾಗಿ ಗೊತ್ತಿದ್ದವು. ನಾಲ್ಕನ್ನೂ ಕೂಡಿಸಿದರೆ 69 ವರ್ಷದ ಮನುಷ್ಯನನ್ನು ಹತ್ತು ತಾಸು ಬಿಸಿಲಲ್ಲಿ ಕೂಡಿಸಿದಂತಾಗುತ್ತದೆ ಎಂದು ಮಾತ್ರ ಹೊಳೆಯಲಿಲ್ಲ. ಉತ್ತರ ಕರ್ನಾಟಕದ ಬಿಸಿಲು ಕಂಡವರಿಗೆ ಇದೇನು ಮಹಾ ಅಂದುಕೊಂಡಿದ್ದೆ. ಅಲ್ಲಿ ಮಧ್ಯಾಹ್ನ ಯಾರೂ ಬಯಲಲ್ಲಿ ಕೂರುವುದಿಲ್ಲ, ಬಾಗಿಲು ಮುಂದೆ ಮಾಡಿ ಮಲಗುತ್ತಾರೆ.

ಮಧ್ಯಾಹ್ನ ಮೂರರ ಹೊತ್ತಿಗೆ ಅಪ್ಪ ಮಾತು ನಿಲ್ಲಿಸಿದರು. ದಣಿವಿರಬೇಕು ಅಂದುಕೊಂಡೆ. ಐದಕ್ಕೆ ಮೀನಖಂಡ ಹಿಡಿದುಕೊಂಡಿತು, ಎದ್ದು ನಿಲ್ಲಲಾಗಲಿಲ್ಲ. ಪ್ರಥಮ ಚಿಕಿತ್ಸೆಯ ಡೇರೆಯಲ್ಲಿ ಐಸ್ ಇಟ್ಟರು, ಉಪ್ಪು-ಸಕ್ಕರೆಯ ನೀರು ಕುಡಿಸಿದರು, ಇನ್ನು ಇಲ್ಲಿ ಕೂರಿಸಬೇಡಿ ಅಂದರು. ಏಳು ಗಂಟೆಗೆ ಹೊರಬಿದ್ದೆವು. ಕಾರಿನ ಎಸಿಯಲ್ಲಿ ಜೀವ ಬಂದ ಮೇಲೆ ಅಪ್ಪ ಕೇಳಿದ್ದು ಒಂದೇ ಮಾತು: “ದೊಡ್ಡವರು ಕಡೀಕ ಹಾಡ್ತಾರ ಅನ್ನೂದು ನಿನಗ ಗೊತ್ತಿರಲಿಲ್ಲೇನು?” ಗೊತ್ತಿತ್ತು. ಕುಂದಗೋಳದಲ್ಲಿ ಹಿರಿಯರ ಸರದಿ ಬರುವವರೆಗೆ ಅವರ ತೊಡೆಯ ಮೇಲೆ ನಿದ್ದೆ ಮಾಡಿದ ಮಗ ನಾನು.

‘ಇರಲಿ, ಮುಂದಿನ ವರ್ಷ’ ಅಂದುಕೊಂಡೆ. ಅದೇ ಆಗಸ್ಟ್‌ನಲ್ಲಿ ವಿಲ್ಲಿ ಉಸಿರಾಟದ ತೊಂದರೆಯಿಂದ ಪ್ರವಾಸ ನಿಲ್ಲಿಸಿದರು. 2020ರ ಫೆಬ್ರುವರಿಯಲ್ಲಿ ದಶಕಗಳ ಕಾಲ ಅವರ ಡ್ರಮ್ ಬಾರಿಸಿದ ಪಾಲ್ ಇಂಗ್ಲಿಷ್ ತೀರಿಕೊಂಡರು. ಆಮೇಲೆ ಕೊರೊನಾ. 2021ರಲ್ಲಿ ಪಿಕ್ನಿಕ್ ಮತ್ತೆ ಬಯಲಿಗೆ ಬಂದಾಗ ನಮ್ಮ ಮನೆಯಲ್ಲಿ ಹಸುಗೂಸು, ಜನರ ನಡುವೆ ಹೋಗಲು ಹೆದರಿದೆ. 2022ರ ಮಾರ್ಚ್ 10ರಂದು ಬಾಬಿ ಹೋದರು, 91 ವರ್ಷ. ಆ ಸುದ್ದಿಯನ್ನು ನಾನು ಅಪ್ಪನಿಗೆ ಹೇಳಲಿಲ್ಲ.

ಈಗ ನಿಮ್ಮ ‘ದನಿ ಉಳಿದಿದೆಯೇ’ ಎಂಬ ಪ್ರಶ್ನೆ. ನೇರವಾಗಿ ಹೇಳುತ್ತೇನೆ, ಈ ಪ್ರಶ್ನೆ ವಿಲ್ಲಿಗೆ ಹೊಂದುವುದಿಲ್ಲ. ಅವರು ಯಾವತ್ತೂ ದನಿಯ ಬಲದಿಂದ ಹಾಡಿದವರಲ್ಲ. ಮಾತಾಡಿದಂತೆ ಹಾಡುವುದು, ತಾಳಕ್ಕಿಂತ ಮುಂದೆ ಓಡುವುದು, ಹಿಂದೆ ಉಳಿಯುವುದು, ಇದೇ ಅವರ ಕಸುಬು. ವಿಲ್ಲಿ ಬರೆದ ‘ಕ್ರೇಜಿ’ಯನ್ನು 1961ರಲ್ಲಿ ಗಾಯಕಿ ಪ್ಯಾಟ್ಸಿ ಕ್ಲೈನ್ ಹಾಡಿ ಹೆಸರು ಮಾಡಿದರು. ಬರೆದವರ ಹಾಡುಗಾರಿಕೆ ಮಾತ್ರ ಕಂಟ್ರಿ ಸಂಗೀತದ ರಾಜಧಾನಿಯಾದ ನ್ಯಾಶ್ವಿಲ್‌ನವರ ಅಚ್ಚಿಗೆ ಕೂರಲಿಲ್ಲ. 1970ರ ದಶಕದ ಆರಂಭದಲ್ಲಿ ಅವರು ಟೆಕ್ಸಸ್‌ಗೆ ಮರಳಿದ ಮೇಲೆಯೇ ಆ ಹಾಡುಗಾರಿಕೆಗೆ ಜನ ಸಿಕ್ಕಿದ್ದು. ಗಂಗೂಬಾಯಿ ಹಾನಗಲ್ಲರ ದನಿ ಗಂಡಸಿನದರಂತಾಯಿತು ಎಂದು ಕೊರಗಿ ರೇಡಿಯೋ ಆರಿಸಿದವರನ್ನು ನಾನು ಧಾರವಾಡದಲ್ಲಿ ಕಂಡಿಲ್ಲ. ಆ ದನಿಯನ್ನೇ ಕೇಳಲು ಜನ ಮುಗಿಬೀಳುತ್ತಿದ್ದರು, 93ರ ವಯಸ್ಸಿನಲ್ಲೂ ಅವರು ವೇದಿಕೆ ಹತ್ತಿದರು.

ನಾನು ವಿಲ್ಲಿಯನ್ನು ಕೊನೆಗೂ ನೋಡಿದ್ದು 2023ರ ಜುಲೈ 4ರಂದು, ಆಸ್ಟಿನ್‌ನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ. ಅವರಿಗೆ 90 ತುಂಬಿ ಎರಡು ತಿಂಗಳಾಗಿತ್ತು. ಈ ಸಲ ಚಾವಣಿಯ ಕೆಳಗೆ ಸೀಟು ತೆಗೆದಿದ್ದೆ, ಹೋಗಿದ್ದು ಸಂಜೆ ಆರಕ್ಕೆ. ಅವರು ನಿಧಾನವಾಗಿ ಬಂದು ಕುರ್ಚಿಯಲ್ಲಿ ಕೂತರು. ತೊಡೆಯ ಮೇಲೆ ಅವರ ಹಳೆಯ ಗಿಟಾರ್, ಟ್ರಿಗರ್.

ಟ್ರಿಗರ್ ಬಗ್ಗೆ ನಿಮ್ಮ ಅಪ್ಪನಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಮುರಿದ ಗಿಟಾರ್ ಅಂದುಕೊಳ್ಳುತ್ತಾರೆ. 1969ರಲ್ಲಿ ಕೊಂಡ ಮಾರ್ಟಿನ್ ಎನ್-20, ನೈಲಾನ್ ತಂತಿಯದು. ಬೆರಳಿನಿಂದ ನುಡಿಸಲೆಂದು ಮಾಡಿದ ಗಿಟಾರ್ ಆದ್ದರಿಂದ ಮುಖದ ಮೇಲೆ ಉಜ್ಜದಂತೆ ಕಾಯುವ ತಗಡಿಲ್ಲ. ಇವರು ಪಿಕ್ ಎಂಬ ಚಿಕ್ಕ ಬಿಲ್ಲೆ ಹಿಡಿದು ಮೀಟುತ್ತಾ ಬಂದರು, ಮರ ಸವೆದು ಸವೆದು ತೂತು ಬಿತ್ತು. ನೂರಕ್ಕೂ ಹೆಚ್ಚು ಜನರ ಸಹಿ ಅದರ ಮೇಲಿದೆ. ಮನೆಗೆ ಬೆಂಕಿ ಬಿದ್ದಾಗ ಒಳಗೆ ನುಗ್ಗಿ ಹೊರತಂದದ್ದು ಇದನ್ನೇ. ಆ ಕಂಚಿನ ತಟ್ಟೆಯಂಥ ಒರಟು ನಾದ ರೆಕಾರ್ಡಿನಲ್ಲಿ ಅರ್ಧವೂ ಸಿಗುವುದಿಲ್ಲ. ಉಸಿರು ಈಗ ಚಿಕ್ಕದಾಗಿದೆ, ನಿಜ. ಸಾಲಿನ ಅರ್ಧವನ್ನು ಬಾಯಲ್ಲಿ ಹೇಳಿ ಬಿಡುತ್ತಾರೆ, ಮಿಕ್ಕದ್ದನ್ನು ಟ್ರಿಗರ್ ಮುಗಿಸುತ್ತದೆ. ಅದು ಕೊರತೆ ಅಂತ ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಪಕ್ಕದಲ್ಲಿ ಮಿಕ್ಕಿ ರಾಫೆಲ್, 1973ರಿಂದ ಮೌತ್ ಆರ್ಗನ್ ಊದುತ್ತಿರುವವರು, ಇವರು ಎಲ್ಲಿ ಬಿಡುತ್ತಾರೆ ಎಂದು ಮುಖ ನೋಡದೆಯೂ ಗೊತ್ತು ಅವರಿಗೆ. ಸುಮಾರು ಒಂದು ತಾಸು, ಅಷ್ಟೇ. ‘ವಿಸ್ಕಿ ರಿವರ್’ನಿಂದ ಶುರುಮಾಡುವುದು ಅವರ ದಶಕಗಳ ರೂಢಿ. ಅವರು ಬರುವ ಹೊತ್ತಿಗೆ ತಿಂಡಿಯ ಸಾಲಿನಲ್ಲಿ ನಿಂತಿರಬೇಡಿ.

ರೆಕಾರ್ಡ್ ಕೇಳುತ್ತೇನೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ರೆಕಾರ್ಡ್ ನಾಳೆಯೂ ಇರುತ್ತದೆ. 2024ರ ಜೂನ್‌ನಲ್ಲಿ ವೈದ್ಯರು ಬೇಡವೆಂದದ್ದಕ್ಕೆ ಪ್ರವಾಸದ ಮೊದಲ ಕೆಲವು ದಿನ ಅವರು ಬರಲಾಗದೆ ಮಗ ಲೂಕಸ್ ಆ ಜಾಗ ತುಂಬಿದರು, ಜುಲೈ 4ರ ಹೊತ್ತಿಗೆ ವಿಲ್ಲಿ ಮರಳಿದರು. ನಿಮಗೂ ಹಾಗಾಗಬಹುದು. ಆದರೂ ಟಿಕೆಟ್ ತೆಗೆಯಿರಿ. ಹುಲ್ಲುಹಾಸಿನದು ಮಾತ್ರ ಬೇಡ, ಮಾಡಿನ ಕೆಳಗಿನದು, ಕೈಬೆರಳು ಕಾಣುವಷ್ಟು ಹತ್ತಿರದ್ದು. ದುಬಾರಿ ಅನ್ನಿಸಿದರೆ ಒಬ್ಬರು ಕಡಿಮೆ ಹೋಗಿ. ಬೆಳಗಿನವರನ್ನು ಕೇಳದಿದ್ದರೂ ನಷ್ಟವಿಲ್ಲ, ಬಿಸಿಲು ಇಳಿದ ಮೇಲೆ ಅಪ್ಪನನ್ನು ಕರೆದುಕೊಂಡು ಹೊರಡಿ.

ನಮ್ಮ ಅಪ್ಪ ಮತ್ತೆ ಅಮೆರಿಕಕ್ಕೆ ಬರಲಾಗಲಿಲ್ಲ, ಮೊಣಕಾಲು ನೋವು. 2023ರ ಆ ರಾತ್ರಿ ವಿಲ್ಲಿ ಕೂತು ಮೊದಲ ತಂತಿ ಮೀಟಿದಾಗ ಧಾರವಾಡಕ್ಕೆ ಫೋನ್ ಹಚ್ಚಿ ಎತ್ತಿ ಹಿಡಿದೆ. ಅಲ್ಲಿ ಬೆಳಗಿನ ಚಹಾದ ಹೊತ್ತು. ಎರಡು ಹಾಡಾದ ಮೇಲೆ ಕಿವಿಗಿಟ್ಟುಕೊಂಡು “ಕೇಳಸ್ತದೇನು ಅಪ್ಪಾ?” ಅಂದೆ.

“ಕೇಳಸ್ತದ. ಅಕ್ಕನ ಪಿಯಾನೋ ಎಲ್ಲಿ?”

“ಆಕಿ ಹೋದಳು ಅಪ್ಪಾ. ಹ್ವಾದ ವರ್ಷ.”

ಆ ಕಡೆ ಬಸಿ ಕೆಳಗಿಟ್ಟ ಸಪ್ಪಳ. “ಹೌದೇನು,” ಅಂದರು. ಸ್ವಲ್ಪ ತಡೆದು, “ಫೋನ್ ಹಂಗs ಮ್ಯಾಲ ಹಿಡಿ, ಇಡಬ್ಯಾಡ.”