ಲ್ಯಾಟಿನ್ನಿನ ‘ವಿರ್ತೂಸ್’ ಹುಟ್ಟಿದ್ದು ನಮ್ಮ ‘ವೀರ’ ಪದದಿಂದಲೇ?

ಸಂಬಂಧ ಖಂಡಿತ ಇದೆ. ಆದರೆ ತಾಯಿ ಮಗಳ ಸಂಬಂಧ ಅಲ್ಲ, ದಾಯಾದಿಗಳ ಸಂಬಂಧ.

ಲ್ಯಾಟಿನ್ನಿನಲ್ಲಿ ‘ವಿರ್’ ಅಂದರೆ ಗಂಡಸು. ಇದೂ ಸಂಸ್ಕೃತದ ‘ವೀರ’ವೂ ಒಂದೇ ಹಳೆಯ ಇಂಡೋ-ಯುರೋಪಿಯನ್ ಮೂಲದಿಂದ, ಅಂದರೆ ಎರಡೂ ಭಾಷೆಗಳ ಪೂರ್ವಜ ಭಾಷೆಯಿಂದ, ಬೇರೆ ಬೇರೆಯಾಗಿ ಬಂದವು. ಲಿಥುವೇನಿಯಾದವರು ಗಂಡಸಿಗೆ ಇವತ್ತಿಗೂ ‘ವೀರಸ್’ ಅಂತಾರೆ. ಕನ್ನಡಕ್ಕೆ ‘ವೀರ’ ಸಂಸ್ಕೃತದಿಂದ ಬಂತು. ಹಾಗಾಗಿ ಸಂಸ್ಕೃತದಿಂದಲೇ ಲ್ಯಾಟಿನ್ ಹುಟ್ಟಿತು ಅನ್ನೋದಕ್ಕೆ ದಯವಿಟ್ಟು ಇದನ್ನು ಸಾಕ್ಷಿ ಮಾಡಬೇಡಿ.

ನಾವು ‘ತನ’ ಸೇರಿಸಿ ಜಾಣತನ, ದೊಡ್ಡತನ ಅನ್ನುತ್ತೇವಲ್ವಾ? ರೋಮನ್ನರು ‘ವಿರ್’ಗೆ ‘ತೂಸ್’ ಸೇರಿಸಿದರು. ಅಂದರೆ ಗಂಡಸುತನ. ಈ ಪ್ರತ್ಯಯ ಇರುವ ಪದಗಳು ಕಡಿಮೆ. ‘ಯುವೆಂತೂಸ್’ ಅಂಥ ಇನ್ನೊಂದು ಪದ, ಅರ್ಥ ಯೌವನ. ಇಟಲಿಯ ಟುರಿನ್‌ನ ಫುಟ್‌ಬಾಲ್ ಕ್ಲಬ್ಬಿನ ಹೆಸರು ಅದೇ. ‘ವಿರ್ತೂಸ್’ ಪದದ ನಿಜವಾದ ರೂಪ ‘ವಿರ್ತೂತ್’. ಪ್ರಥಮಾ ವಿಭಕ್ತಿಯ ‘ಸ್’ ಹತ್ತಿದಾಗ ಕೊನೆಯ ‘ತ್’ ಬಿದ್ದುಹೋಗುತ್ತದೆ. ಷಷ್ಠಿಯಲ್ಲಿ ‘ವಿರ್ತೂತಿಸ್’, ದ್ವಿತೀಯೆಯಲ್ಲಿ ‘ವಿರ್ತೂತೆಮ್’ ಅಂತ ಆ ‘ತ್’ ಮತ್ತೆ ಕಾಣಿಸುತ್ತದೆ.

ಇಷ್ಟೆಲ್ಲ ಗಂಡಸುತನದ ಪದ ಲ್ಯಾಟಿನ್ನಿನಲ್ಲಿ ಸ್ತ್ರೀಲಿಂಗ! ಕನ್ನಡದಲ್ಲಿ ಧೈರ್ಯ, ಶೌರ್ಯ ಎಲ್ಲ ನಪುಂಸಕಲಿಂಗ ಆದ್ದರಿಂದ ನಮಗೆ ಇದು ವಿಚಿತ್ರ ಅನಿಸುತ್ತದೆ. ರೋಮನ್ ನಾಣ್ಯಗಳಲ್ಲಿ ವಿರ್ತೂಸ್ ಶಿರಸ್ತ್ರಾಣ ತೊಟ್ಟು ಈಟಿ ಹಿಡಿದ ದೇವತೆ.

ಅರ್ಥ ಮೊದಲು ಯುದ್ಧಭೂಮಿಯ ಧೈರ್ಯ. ಕ್ರಿ.ಪೂ. 45ರಲ್ಲಿ ಬರೆಯುವಾಗ ರೋಮಿನ ಚಿಂತಕ ಸಿಸೆರೋ ಈ ಪದ ‘ವಿರ್’ನಿಂದಲೇ ಬಂದದ್ದು ಅನ್ನುತ್ತಾನೆ. ಸಾವನ್ನೂ ನೋವನ್ನೂ ಲೆಕ್ಕಿಸದಿರುವುದೇ ಗಂಡಸಿನ ಧೈರ್ಯದ ಮುಖ್ಯ ಕೆಲಸ ಅಂತಾನೆ. ಆದರೆ ಅವನೇ ಗ್ರೀಕರ ‘ಅರೆತೆ’ಗೆ, ಅಂದರೆ ಒಳ್ಳೆಯ ಗುಣಕ್ಕೆ, ಇದೇ ಪದ ಬಳಸಿದ. ಅಲ್ಲಿಂದ ಇಂಗ್ಲಿಷಿನ ‘ವರ್ಚ್ಯೂ’ (ಸದ್ಗುಣ) ಪದದವರೆಗೆ ದಾರಿ ನೇರ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇನ್ನೊಂದು ಅರ್ಥ. ರೋಮನ್ನರು ಕುದುರೆಯ ವಿರ್ತೂಸ್, ಮರದ ವಿರ್ತೂಸ್ ಅಂತಲೂ ಹೇಳುತ್ತಿದ್ದರು. ಓವಿಡ್ ಕವಿ ಗಿಡಮೂಲಿಕೆಗಳ ವಿರ್ತೂಸ್ ಅಂದಾಗ ಅದು ಅವುಗಳೊಳಗಿನ ಶಕ್ತಿ. ಈಗ ‘ವೀರ’ದಿಂದಾದ ‘ವೀರ್ಯ’ ನೋಡಿ. ಮೊದಲು ಪರಾಕ್ರಮ, ಆಮೇಲೆ ಆಯುರ್ವೇದದಲ್ಲಿ ಔಷಧಿಯ ಶಕ್ತಿ: ಉಷ್ಣವೀರ್ಯ, ಶೀತವೀರ್ಯ. ‘ವೀರ್ಯ’ದ ಪ್ರತ್ಯಯ ಬೇರೆ. ಆದರೂ ಎರಡು ದೇಶಗಳಲ್ಲಿ ಗಂಡಸಿನ ಹೆಸರೇ ಬೆಳೆದು ಬೇರಿನ, ಸೊಪ್ಪಿನ ಗುಣಕ್ಕೆ ಹೆಸರಾಯಿತು.