ನಲ್ಲಿ ಬಂತು, ನೀರು ಎಲ್ಲಿಂದ ಬರಬೇಕು?

ಪ್ರಶ್ನೆ: ನಮ್ಮೂರಿನಲ್ಲಿ ಮನೆಮನೆಗೂ ನಲ್ಲಿ ಹಾಕಿಸಿದ್ದೇವೆ. ಆದರೆ ಮಳೆ ಚೆನ್ನಾಗಿ ಆದ ವರ್ಷವೂ ಮಾರ್ಚ್ ಹೊತ್ತಿಗೆ ಕೊಳವೆಬಾವಿ ಬತ್ತುತ್ತದೆ. ಹೊಸದಾಗಿ ಸಾವಿರ ಅಡಿ ಕೊರೆಸಿದ ಬಾವಿಯಲ್ಲಿ, ಮಿತಿಮೀರಿದರೆ ಹಲ್ಲು-ಮೂಳೆ ಕೆಡಿಸುವ ಫ್ಲೋರೈಡ್ ಹೆಚ್ಚಿದೆಯೆಂದು ವರದಿ ಬಂದಿದೆ. ಇನ್ನೊಂದು ಕೊರೆಸಬೇಕೇ?
– ಗ್ರಾಮ ಪಂಚಾಯಿತಿ ಸದಸ್ಯೆ, ಪಾವಗಡ ತಾಲ್ಲೂಕು

ಉತ್ತರ: ದಯವಿಟ್ಟು ಸ್ವಲ್ಪ ತಡೆಯಿರಿ. ವರ್ಷದ ಒಟ್ಟು ಮಳೆ ಲೆಕ್ಕಕ್ಕೆ ಸರಿಯಾಗಿಯೇ ಕಂಡರೂ ಅದು ಬೀಳುವ ಬಗೆ ಬದಲಾಗುತ್ತಿದೆ; ಹದವಾಗಿ ಹಲವು ದಿನ ಬರಬೇಕಾದದ್ದು ಕೆಲವೇ ದಿನಗಳಲ್ಲಿ ರಭಸವಾಗಿ ಸುರಿದು, ಇಂಗಲು ಪುರಸೊತ್ತಿಲ್ಲದೆ ಹಳ್ಳ ಸೇರಿ ಹರಿದುಹೋಗುತ್ತದೆ. ನಿಮ್ಮ ಸೀಮೆಯದು ಗಟ್ಟಿ ಕಲ್ಲಿನ ನೆಲ. ಆಳದ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಆ ಕಲ್ಲಿನಿಂದಲೇ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆಯಾದ್ದರಿಂದ, ಮತ್ತಷ್ಟು ಆಳಕ್ಕೆ ಹೋದರೆ ಒಳ್ಳೆಯ ನೀರು ಸಿಗುವ ಭರವಸೆಯಿಲ್ಲ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಮಕ್ಕಳಿಗೆ ಕುಡಿಸಬಾರದು. ಕಾಯಿಸಿದರೂ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನಷ್ಟು ಸಾಂದ್ರವಾಗುತ್ತದೆ ಎಂಬುದನ್ನು ತಾಯಂದಿರಿಗೆ ತಪ್ಪದೆ ತಿಳಿಸಿ.

ಹಳ್ಳಿಯ ಮನೆಮನೆಗೂ ನಲ್ಲಿ ನೀರು ಕೊಡಲು 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ನಿನ ಗುರಿ ತಲಾ ದಿನಕ್ಕೆ 55 ಲೀಟರ್. ಇದರಲ್ಲಿ ಕುಡಿಯಲು, ಅಡುಗೆಗೆ ಬೇಕಾದದ್ದು ಐದು ಲೀಟರಿನಷ್ಟು. ಬಟ್ಟೆ ಒಗೆಯುವ ನೀರನ್ನೂ ಕುಡಿಯುವ ನೀರನ್ನೂ ಒಂದೇ ಬಾವಿಗೆ ಕಟ್ಟಿಹಾಕಿರುವುದೇ ನಮ್ಮ ದೊಡ್ಡ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. 30 ಚದರ ಮೀಟರಿನ ಒಂದು ಚಿಕ್ಕ ತಾರಸಿಯ ಮೇಲೆ ವರ್ಷಕ್ಕೆ 500 ಮಿ.ಮೀ. ಮಳೆ ಬಿದ್ದರೆ 15,000 ಲೀಟರ್ ನೀರಾಗುತ್ತದೆ. ಐದನೇ ಒಂದು ಪಾಲು ನಷ್ಟವಾದರೂ 12,000 ಲೀಟರ್ ಉಳಿಯುತ್ತದೆ. ಐದು ಜನರ ಮನೆಗೆ ದಿನಕ್ಕೆ 25 ಲೀಟರಿನಂತೆ ವರ್ಷಕ್ಕೆ ಬೇಕಾದದ್ದು 9,125 ಲೀಟರ್. ಮಳೆಯಿಲ್ಲದ ಏಳು ತಿಂಗಳನ್ನು ದಾಟಲು ಸುಮಾರು 6,000 ಲೀಟರಿನ ತೊಟ್ಟಿ ಸಾಕು. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಮರಳು, ಜಲ್ಲಿ, ಇದ್ದಿಲಿನ ಸೋಸುಪೆಟ್ಟಿಗೆಯ ಮೂಲಕ ಇಳಿಸಿ, ಬೆಳಕೂ ಸೊಳ್ಳೆಯೂ ಹೋಗದಂತೆ ಮುಚ್ಚಿಡಬೇಕು. ಈ ನೀರಿನಲ್ಲಿ ಫ್ಲೋರೈಡಿನ ಭಯವಿಲ್ಲ. ರೋಗಾಣುಗಳಿರಬಹುದಾದ್ದರಿಂದ ಕುದಿಸಿ ಆರಿಸಿಯೇ ಕುಡಿಯಬೇಕು. ಶಾಲೆ ಮತ್ತು ಅಂಗನವಾಡಿಯ ತಾರಸಿಗಳಿಂದಲೇ ಆರಂಭಿಸಿ.

ಉಳಿದ ಬಳಕೆಗೆ ಈಗಿರುವ ಬಾವಿಯನ್ನೇ ಉಳಿಸಿಕೊಳ್ಳಬೇಕಾದರೆ ಕೆರೆ ತುಂಬಿ ನೀರು ನೆಲಕ್ಕೆ ಇಂಗಬೇಕು; ಅದಕ್ಕೆ ಕೆರೆಯ ಹೂಳಿನ ಜೊತೆಗೆ ಕೆರೆಗೆ ನೀರು ತರುವ ಕಾಲುವೆಯ ಒತ್ತುವರಿಯನ್ನೂ ತೆಗೆಸಬೇಕು. ಕಾಲುವೆ ಮುಚ್ಚಿಹೋಗಿದ್ದರೆ ಎಷ್ಟು ಹೂಳೆತ್ತಿದರೂ ಕೆರೆ ತುಂಬದು. ಜೊತೆಗೆ ನಿಮ್ಮ ನೀರುಗಂಟಿಗೆ ಒಂದು ನೋಟ್‌ಪುಸ್ತಕ ಕೊಟ್ಟು, ಓವರ್‌ಹೆಡ್ ಟ್ಯಾಂಕ್ ತುಂಬಲು ಮೋಟಾರು ಎಷ್ಟು ಹೊತ್ತು ಓಡಿತೆಂದು ದಿನವೂ ಬರೆಸಿ. ಡಿಸೆಂಬರಿನಲ್ಲಿ ನಾಲ್ಕು ಗಂಟೆ ಹಿಡಿಯುತ್ತಿದ್ದದ್ದು ಜನವರಿಯಲ್ಲಿ ಆರು ಗಂಟೆಯಾದರೆ ಬಾವಿಯ ನೀರು ಕಡಿಮೆಯಾಗುತ್ತಿದೆ ಎಂದರ್ಥ; ಮೋಟಾರು ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಂಡು ಆಗಲೇ ಗ್ರಾಮಸಭೆ ಕರೆದು, ನೀರು ಬಿಡುವ ಸರದಿಯನ್ನು ಊರಿನ ಎದುರಿಗೇ ಗೊತ್ತುಮಾಡಿ.