ಇಷ್ಟೊಂದು ಫ್ರೇಮ್‌ವರ್ಕ್‌ಗಳಲ್ಲಿ ಯಾವುದನ್ನು ಹಿಡಿಯೋದು?

ಸಾಬೀತಾದ ವಿಧಾನವೊಂದನ್ನು ವಾರ್ಡಿನ ದಿನನಿತ್ಯದ ಕೆಲಸಕ್ಕೆ ತರಬೇಕು, ಅದಕ್ಕೆ ದಾರಿ ತೋರುವ ಫ್ರೇಮ್‌ವರ್ಕ್‌ಗಳನ್ನು, ಅಂದರೆ ಚೌಕಟ್ಟುಗಳನ್ನು, ಹುಡುಕಿದರೆ ಸಿಎಫ್‌ಐಆರ್ (CFIR), ರೀ-ಏಮ್ (RE-AIM), ಎಪಿಸ್ (EPIS) ಅಂತ ಹತ್ತಾರು ಹೆಸರು ಸಿಗುತ್ತವೆ, ಇವೆಲ್ಲ ನಿಜವಾಗಿ ಬೇಕಾ ಅಂತ ಕೇಳಿದ್ದೀರಿ. ಎಲ್ಲವೂ ಬೇಡ. ಒಂದೆರಡು ಸಾಕು, ಆದರೆ ಅಷ್ಟಂತೂ ಬೇಕು. ನಾನು ಇಂಥ ಕೆಲಸದಲ್ಲೇ ಇರುವುದರಿಂದ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಅಮೆರಿಕದ ಮಿಶಿಗನ್ ರಾಜ್ಯದ ಐಸಿಯುಗಳಲ್ಲಿ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆ) ಸೋಂಕು ತಗ್ಗಿಸಿದ ಕೆಲಸ ನೋಡಿ, ಅದರ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಪಟ್ಟಿಯಲ್ಲಿದ್ದದ್ದು ಐದೇ ಅಂಶ: ಕೈ ತೊಳೆಯುವುದು, ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕದಿಂದ ಚರ್ಮ ಒರೆಸುವುದು, ಗೌನು ಮಾಸ್ಕು ಸಮೇತ ಪೂರ್ತಿ ಮುಚ್ಚಿಕೊಳ್ಳುವುದು, ಆದಷ್ಟು ತೊಡೆಸಂದಿಯಲ್ಲಿ ಲೈನ್ ಹಾಕದಿರುವುದು, ಬೇಡವಾದ ಲೈನನ್ನು ತೆಗೆಯುವುದು. ಡಾಕ್ಟರುಗಳಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ, ಅಲ್ವಾ? ಆದರೂ ಸೋಂಕು ಶೇ. 66ರಷ್ಟರವರೆಗೂ ಕಡಿಮೆಯಾಯಿತು. ಪಟ್ಟಿಯ ಸುತ್ತ ಮಾಡಿದ ಕೆಲಸ ಜಾಸ್ತಿ ಇತ್ತು. ಬೇಕಾದ ಸಾಮಾನೆಲ್ಲ ಒಂದೇ ಗಾಡಿಯಲ್ಲಿ ಇಟ್ಟರು, ಕ್ರಮ ತಪ್ಪಿದರೆ ಡಾಕ್ಟರನ್ನೇ ತಡೆಯುವ ಅಧಿಕಾರ ನರ್ಸ್‌ಗಳಿಗೆ ಕೊಟ್ಟರು, ಸೋಂಕಿನ ಲೆಕ್ಕವನ್ನು ಆಗಾಗ ಅದೇ ತಂಡದ ಮುಂದೆ ಇಟ್ಟರು.

ಇನ್ನೊಂದು ಕಡೆ ಕೆನಡಾದ ಒಂಟಾರಿಯೊ. ಶಸ್ತ್ರಚಿಕಿತ್ಸೆಯ ಸುರಕ್ಷತಾ ಚೆಕ್‌ಲಿಸ್ಟ್ ಬೇರೆ ಬೇರೆ ದೇಶಗಳ ಎಂಟು ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣವನ್ನು ಶೇ. 1.5ರಿಂದ 0.8ಕ್ಕೆ ಇಳಿಸಿದೆ ಅಂತ 2009ರಲ್ಲಿ ವರದಿಯಾಗಿತ್ತು. ಒಂಟಾರಿಯೊದಲ್ಲಿ ಆಸ್ಪತ್ರೆಗಳಿಗೆ ಅದರ ಬಳಕೆಯ ಲೆಕ್ಕ ಕೊಡಬೇಕೆಂದು ನಿಯಮವೇ ಬಂತು. ಬಳಸುತ್ತಿದ್ದೇವೆ ಅಂತ ಹೆಚ್ಚುಕಮ್ಮಿ ಎಲ್ಲರೂ ಬರೆದು ಕೊಟ್ಟರು. 2014ರಲ್ಲಿ 101 ಆಸ್ಪತ್ರೆಗಳ ಅಂಕಿ ನೋಡಿದರೆ ಸಾವಿನಲ್ಲಿ ಲೆಕ್ಕಕ್ಕೆ ಬರುವಂಥ ಇಳಿಕೆ ಕಾಣಲಿಲ್ಲ. (ಹೋಲಿಸಿದ್ದು ಚೆಕ್‌ಲಿಸ್ಟ್ ಬರುವ ಮೊದಲಿನ ಮೂರು ತಿಂಗಳು ಮತ್ತು ಬಂದ ಮೇಲಿನ ಮೂರು ತಿಂಗಳು ಅಷ್ಟೇ, ಅದು ಸಾಲದು ಅನ್ನುವವರೂ ಇದ್ದಾರೆ. ಆ ವಾದದಲ್ಲಿ ಹುರುಳಿದೆ. ಆದರೆ ಟಿಕ್ ಹಾಕುವುದು ಬೇರೆ, ನಿಂತು ಒಬ್ಬರಿಗೊಬ್ಬರು ಮಾತಾಡಿ ಖಚಿತಪಡಿಸಿಕೊಳ್ಳುವುದು ಬೇರೆ ಅನ್ನುವುದೇ ನನಗೆ ಮುಖ್ಯವಾಗಿ ಕಾಣುತ್ತದೆ.)

ಕಾಗದದ ಮೇಲಿನ ಬಳಕೆಗೂ ನಿಜವಾದ ಬಳಕೆಗೂ ಇರುವ ಈ ವ್ಯತ್ಯಾಸವನ್ನು ಮೊದಲೇ ಹಿಡಿಯಲು ಫ್ರೇಮ್‌ವರ್ಕ್ ಬೇಕು. ಯಾವುದು ಅನ್ನುವುದು ನಿಮ್ಮ ಪ್ರಶ್ನೆಯ ಮೇಲೆ ಹೋಗುತ್ತದೆ. ಏನು ಅಡ್ಡ ಬರಬಹುದು ಅಂತ ತಿಳಿಯಬೇಕಾದರೆ ಸಿಎಫ್‌ಐಆರ್. 2009ರದ್ದು, 2022ರಲ್ಲಿ ಪರಿಷ್ಕರಿಸಿದರು. ವಿಧಾನ, ಹೊರಗಿನ ಪರಿಸ್ಥಿತಿ, ಆಸ್ಪತ್ರೆಯ ಒಳಗಿನ ಪರಿಸ್ಥಿತಿ, ಜನ, ಜಾರಿ ಮಾಡುವ ಪ್ರಕ್ರಿಯೆ ಅಂತ ಐದು ಭಾಗ. ಅದರೊಳಗಿನ ಪ್ರತಿ ಅಂಶಕ್ಕೂ ಪ್ರಶ್ನೆ ಬರೆಯಲು ಹೋಗಬೇಡಿ, ಸುಮ್ನೆ ಸಿಬ್ಬಂದಿ ಸುಸ್ತಾಗುತ್ತಾರೆ. ಹಂತ ಹಂತವಾಗಿ ಯೋಜನೆ ಹಾಕಲು ಎಪಿಸ್ ಅನುಕೂಲ.

ಫಲ ಅಳೆಯಲು 1999ರಿಂದ ಇರುವ ರೀ-ಏಮ್. ನನಗೆ ಇದೇ ಇಷ್ಟ, ಯಾಕೆಂದರೆ ಇದು ಮುಜುಗರದ ಪ್ರಶ್ನೆ ಕೇಳುತ್ತದೆ. ಸಿಗರೇಟು ಬಿಡಿಸುವ ಸಲಹೆ ಕೊಡುವ ಯೋಜನೆ ಅಂದುಕೊಳ್ಳಿ. ಸಲಹೆ ಪಡೆದವರಲ್ಲಿ ಎಷ್ಟು ಜನ ಬಿಟ್ಟರು ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ಆದರೆ ಬಂದ ಸಿಗರೇಟು ಸೇದುವವರಲ್ಲಿ ಎಷ್ಟು ಜನಕ್ಕೆ ಸಲಹೆ ಸಿಕ್ಕಿತು? ಎಷ್ಟು ಡಾಕ್ಟರುಗಳು ಒಪ್ಪಿ ಶುರು ಮಾಡಿದರು? ಹೇಳಿಕೊಟ್ಟ ಹಾಗೇ ಮಾತಾಡಿದರಾ, ಇಲ್ಲ ‘ಬಿಟ್ಟುಬಿಡಿ’ ಅಂದು ಕಳಿಸಿದರಾ? ಯೋಜನೆಯ ದುಡ್ಡು ಮುಗಿದ ಮೇಲೂ ನಡೆಯುತ್ತಿದೆಯಾ? ಇವಕ್ಕೆ ಬೇಕಾದ ಅಂಕಿಗಳನ್ನು ಮೊದಲ ದಿನದಿಂದಲೇ ಬರೆದಿಡಬೇಕು, ಆಮೇಲೆ ಎಲ್ಲಿಂದಲೂ ಸಿಗುವುದಿಲ್ಲ.

ಇನ್ನೊಂದು ವಿಷಯ. ನಿಮ್ಮ ವಿಧಾನದಲ್ಲಿ ಬದಲಾಯಿಸಲೇಬಾರದ್ದು ಯಾವುದು, ನಿಮ್ಮ ವಾರ್ಡಿಗೆ ತಕ್ಕ ಹಾಗೆ ಮಾರ್ಪಡಿಸಬಹುದಾದ್ದು ಯಾವುದು ಅಂತ ಮೊದಲೇ ತೀರ್ಮಾನಿಸಿ, ಅದನ್ನು ನರ್ಸ್‌ಗಳನ್ನು ಕೂರಿಸಿಕೊಂಡೇ ತೀರ್ಮಾನಿಸಿ. ರಾತ್ರಿ ಪಾಳಿಯವರನ್ನು ಬಿಡಬೇಡಿ.